ಗ್ಯಾರೇಜ್ ಸೂರಿಗೊಂದು ಪ್ಲಗ್ ಪಾಯಿಂಟ್: ಊರಿನ ವಯರಿಂಗ್ ಬುದ್ಧಿ ಅಮೆರಿಕದಲ್ಲಿ ಎಲ್ಲಿ ಎಡವುತ್ತದೆ

ಹೋದ ಬೇಸಿಗೆ ರಜೆಗೆ ಕಲಬುರಗಿಯ ಮನೆಯಲ್ಲಿದ್ದೆ. ರಾತ್ರಿ ಊಟಕ್ಕೆ ಕೂತಾಗ ಡಾಲಸ್ ಹತ್ತಿರ ಹೊಸ ಮನೆ ಕೊಂಡಿರುವ ಕಾಕಾನ ಮಗನ ವಿಡಿಯೊ ಕಾಲ್ ಬಂತು. ನನಗಲ್ಲ, ಅಪ್ಪನಿಗೆ. ಅಪ್ಪ ಊರಲ್ಲಿ ನಲವತ್ತು ವರ್ಷ ವಯರಿಂಗ್ ಮಾಡಿದವರು. ಹುಡುಗ ಗ್ಯಾರೇಜಿನಲ್ಲಿ ಏಣಿ ಹತ್ತಿ ನಿಂತಿದ್ದ. ಬಾಗಿಲು ಎತ್ತುವ ಮೋಟಾರು ತಂದಿದ್ದಾನೆ, ಸೂರಿನಲ್ಲಿ ಪ್ಲಗ್ ಪಾಯಿಂಟ್ ಇಲ್ಲ. ದೀಪದ ಡಬ್ಬಿ ಬಿಚ್ಚಿ ಫೋನ್ ಹಿಡಿದ. ಒಂದು ಕರಿ ವಯರು, ಒಂದು ಬಿಳಿ, ಒಂದು ಬರಿ ತಾಮ್ರ.

ಅಪ್ಪ ಕನ್ನಡಕ ಏರಿಸಿ ನೋಡಿ, "ಕರಿದು ನ್ಯೂಟ್ರಲ್ ಅದ ತಮ್ಮಾ, ಅದರದೇನ್ ಅಂಜಿಕಿ ಇಲ್ಲ. ಬಿಳಿದು ಸಂಭಾಳ್ಸು" ಅಂದರು.

ನಾನು ರೊಟ್ಟಿ ಬಿಟ್ಟು ಎದ್ದೆ. "ಏ, ಕೆಳಗ ಇಳಿ ಮೊದಲ!"

ಅಪ್ಪನ ಮಾತು ಕಲಬುರಗಿಯಲ್ಲಿ ಸರಿ. ನಮ್ಮಲ್ಲಿ ಕರೆಂಟು ತರುವ ಫೇಸ್ ಕೆಂಪು, ಅದು ವಾಪಸು ಹೋಗುವ ನ್ಯೂಟ್ರಲ್ ಕರಿ, ಅರ್ಥಿಂಗ್ ಹಸಿರು. ಅಮೆರಿಕದಲ್ಲಿ ಕರಿಯೇ ಫೇಸ್, ಬಿಳಿ ನ್ಯೂಟ್ರಲ್, ಬರಿ ತಾಮ್ರ ಇಲ್ಲವೇ ಹಸಿರು ಅರ್ಥಿಂಗ್. ಸಾಕೆಟ್ಟಿನ ಹಿತ್ತಾಳೆ ಬಣ್ಣದ ಸ್ಕ್ರೂಗೆ ಕರಿ, ಬೆಳ್ಳಿ ಬಣ್ಣದ್ದಕ್ಕೆ ಬಿಳಿ, ಹಸಿರು ಸ್ಕ್ರೂಗೆ ತಾಮ್ರ. ಇಷ್ಟಕ್ಕೇ ಮುಗಿಯಲಿಲ್ಲ. ಅಲ್ಲಿ ಸ್ವಿಚ್ ಮೇಲಕ್ಕಿದ್ದರೆ ಆನ್. ಪ್ಲಗ್ ಪಾಯಿಂಟಿಗೆ ಸಾಮಾನ್ಯವಾಗಿ ಸ್ವಿಚ್ಚೇ ಇರುವುದಿಲ್ಲ, ಬ್ರೇಕರ್ ಆಫ್ ಮಾಡುವ ತನಕ ಅದರಲ್ಲಿ ಕರೆಂಟು ಇದ್ದೇ ಇರುತ್ತದೆ. ಬಣ್ಣವನ್ನೂ ಪೂರಾ ನಂಬಬೇಡಿ. ಬ್ರೇಕರ್ ಆಫ್ ಮಾಡಿ, ಟೆಸ್ಟರ್ ಹಿಡಿದು ನೋಡಿ, ಆಮೇಲೆ ಕೈ ಹಾಕಿ.

ಎರಡನೆಯದು ಪರ್ಮಿಟ್. ಊರಲ್ಲಿ ಒಂದು ಪಾಯಿಂಟ್ ಹೆಚ್ಚು ಬೇಕಾದರೆ ಗುರುತಿನ ವಯರ್‌ಮನ್‌ಗೆ ಫೋನ್ ಮಾಡುತ್ತೇವೆ, ಸಂಜೆಯೊಳಗೆ ಕೆಲಸ ಆಗುತ್ತದೆ. ಜೆಸ್ಕಾಂಗೆ ಅದರ ಸುದ್ದಿಯೂ ಇರುವುದಿಲ್ಲ. ಅಲ್ಲಿ ಹೊಸ ಲೈನ್ ಎಳೆಯುವ ಕೆಲಸಕ್ಕೆ ಸಾಮಾನ್ಯವಾಗಿ ಊರಿನ ಬಿಲ್ಡಿಂಗ್ ಡಿಪಾರ್ಟ್‌ಮೆಂಟಿನಿಂದ ಪರ್ಮಿಟ್ ಬೇಕು. ಸ್ವಂತ ಮನೆ, ಅದರಲ್ಲಿ ನೀವೇ ವಾಸ ಎಂದಾದರೆ ಬಹಳ ಕಡೆ ಮಾಲೀಕನೇ ಕೆಲಸ ಮಾಡಬಹುದು. ಕೆಲವು ಕಡೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನೇ ಬೇಕು. ಬಾಡಿಗೆ ಮನೆಯಾದರೆ ಸ್ಕ್ರೂ ಡ್ರೈವರ್ ಕೆಳಗಿಟ್ಟು ಮಾಲೀಕರಿಗೆ ಮೇಲ್ ಹಾಕಿ. ಗೋಡೆಯ ಜಿಪ್ಸಮ್ ಹಲಗೆ ಕೊಯ್ದು ವಯರು ಎಳೆದಿದ್ದರೆ ಇನ್‌ಸ್ಪೆಕ್ಟರ್ ನೋಡುವ ತನಕ ಮುಚ್ಚುವಂತಿಲ್ಲ. ಗ್ಯಾರೇಜಿಗೂ ಮನೆಗೂ ನಡುವಿನ ಗೋಡೆ ಬೆಂಕಿ ತಡೆಯಲಿಕ್ಕೆಂದೇ ಇರುವುದು, ಅದರಲ್ಲಿ ಕೊರೆದ ತೂತುಗಳನ್ನು ಸರಿಯಾಗಿ ಮುಚ್ಚಬೇಕು.

ವಯರಿಂಗ್ ನಿಯಮದ ಮೂಲ ಅಮೆರಿಕದ ನ್ಯಾಶನಲ್ ಎಲೆಕ್ಟ್ರಿಕಲ್ ಕೋಡ್. ಮೂರು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ, ಯಾವ ಆವೃತ್ತಿ ಜಾರಿಯಲ್ಲಿದೆ ಎಂಬುದು ರಾಜ್ಯಕ್ಕೆ, ಊರಿಗೆ ಬೇರೆ. ಪರ್ಮಿಟ್ ಕೌಂಟರಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯೇ ಅದು.

ವಯರಿನ ಲೆಕ್ಕವೂ ಉಲ್ಟಾ. ಅಲ್ಲಿ ಪಾಯಿಂಟಿಗೆ ಬರುವುದು 120 ವೋಲ್ಟ್, ನಮ್ಮ 230ರ ಹೆಚ್ಚುಕಡಿಮೆ ಅರ್ಧ. ಹಾಗಾಗಿ ಅಷ್ಟೇ ವ್ಯಾಟಿಗೆ ಆಂಪಿಯರ್ ಹೆಚ್ಚು, ವಯರು ದಪ್ಪ. 20 ಆಂಪಿಯರ್ ಬ್ರೇಕರಿಗೆ 12 ಗೇಜ್ ತಾಮ್ರ, 15ಕ್ಕೆ 14 ಗೇಜ್ ಸಾಕು. ಸಂಖ್ಯೆ ಏರಿದಷ್ಟೂ ವಯರು ಸಣ್ಣ. 20ರ ಬ್ರೇಕರ್ ಹಿಂದೆ 14 ಗೇಜ್ ಹಾಕಿದರೆ ಬ್ರೇಕರ್ ಬೀಳುವ ಮೊದಲೇ ವಯರು ಬಿಸಿಯಾಗುತ್ತದೆ. ಈಗ ಸಿಗುವ ಕೇಬಲ್ಲಿಗೆ 12ಕ್ಕೆ ಹಳದಿ ಸಿಪ್ಪೆ, 14ಕ್ಕೆ ಬಿಳಿ, ಗೊಂದಲಕ್ಕೆ ಎಡೆಯಿಲ್ಲ. ಗೋಡೆ ಕಡಿದು ಪೈಪು ಹೂಳುವ ಕಷ್ಟವೂ ಇಲ್ಲ, ಒಳಗೆ ಕಟ್ಟಿಗೆ ಚೌಕಟ್ಟು.

ಇನ್ನು ನಮ್ಮ ಜನ ಸಿಕ್ಕಿಬೀಳುವ ಜಾಗ: ಜಿಎಫ್‌ಸಿಐ, ಅಂದರೆ ಕರೆಂಟು ಸೋರಿದರೆ ಲೈನ್ ಕಡಿಯುವ ಸಾಧನ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ವಾಪಸು ಬಂತೋ ಇಲ್ಲವೋ ಎಂದು ಅದು ತೂಗುತ್ತ ಇರುತ್ತದೆ. 4ರಿಂದ 6 ಮಿಲಿ ಆಂಪಿಯರ್ ಎಲ್ಲೋ ಸೋರಿದರೂ ಕಟ್. ಊರಿನ ಮನೆಗಳಲ್ಲಿ ಇದೇ ಕೆಲಸಕ್ಕೆ ಹಾಕುವ ಆರ್‌ಸಿಸಿಬಿ ಸಾಮಾನ್ಯವಾಗಿ 30 ಮಿಲಿ ಆಂಪಿಯರಿನದು, ಅದಕ್ಕಿಂತ ಇದು ಬಹಳ ಸೂಕ್ಷ್ಮ. ಗ್ಯಾರೇಜ್ ಸೂರಿನ ಪಾಯಿಂಟಿಗೆ, "ಅಲ್ಲಿ ಕೈ ಎಟುಕಲ್ಲವಲ್ಲ" ಎಂಬ ಕಾರಣಕ್ಕೆ ಮೊದಲು ವಿನಾಯಿತಿ ಇತ್ತು. 2008ರ ಕೋಡಿನಲ್ಲಿ ಅದು ಹೋಯಿತು, ಅಲ್ಲಿಗೂ ಜಿಎಫ್‌ಸಿಐ ರಕ್ಷಣೆ ಬೇಕಾಯಿತು. ಆದರೆ ಜಿಎಫ್‌ಸಿಐನ ಗುಂಡಿ ಏಣಿ ಇಲ್ಲದೆ ಕೈಗೆ ಸಿಗಬೇಕೆಂಬುದೂ ನಿಯಮ. ಅಂದರೆ ಅದನ್ನೇ ಸೂರಿಗೆ ಬಡಿದರೆ ತಪಾಸಣೆಯಲ್ಲಿ ಫೇಲು.

ದಾರಿ ಎರಡು. ಬ್ರೇಕರುಗಳ ಡಬ್ಬಿ, ಅಂದರೆ ಪ್ಯಾನೆಲ್ಲಿನಲ್ಲೇ ಜಿಎಫ್‌ಸಿಐ ಬ್ರೇಕರ್ ಹಾಕುವುದು ಒಂದು. ನನಗೆ ಸೇರುವುದು ಇನ್ನೊಂದು: ಎದೆಯೆತ್ತರದಲ್ಲಿ ಗೋಡೆಗೆ ಜಿಎಫ್‌ಸಿಐ ಸಾಕೆಟ್ ಕೂರಿಸಿ, ಅದರಿಂದ ಮುಂದಕ್ಕೆ ಸೂರಿಗೆ ಸಾದಾ ಸಾಕೆಟ್ ಎಳೆಯುವುದು. ಪ್ಯಾನೆಲ್‌ನಿಂದ ಬರುವ ಜೋಡಿ ಲೈನ್ ಎಂದು ಬರೆದ ಸ್ಕ್ರೂಗಳಿಗೆ, ಸೂರಿಗೆ ಹೋಗುವ ಜೋಡಿ ಲೋಡ್ ಎಂದು ಬರೆದವಕ್ಕೆ. ಹೊಸ ಸಾಕೆಟ್ಟಿನಲ್ಲಿ ಲೋಡ್ ಸ್ಕ್ರೂಗಳ ಮೇಲೆ ಹಳದಿ ಪಟ್ಟಿ ಅಂಟಿಸಿರುತ್ತಾರೆ. ಅಲ್ಲಿಂದ ಮುಂದಕ್ಕೆ ವಯರು ಹೋಗದಿದ್ದರೆ ಆ ಪಟ್ಟಿಯನ್ನು ಕೀಳಲೇಬೇಡಿ.

ಅಮೆರಿಕದ ನನ್ನ ಮನೆಯಲ್ಲಿ ಹಿಂದಿನ ಮಾಲೀಕರು ಗೋಡೆಯ ಜಿಎಫ್‌ಸಿಐ ಸಾಕೆಟ್ ಮುಂದೆ ಕಪಾಟು ನಿಲ್ಲಿಸಿದ್ದರು. ಮೊದಲ ಮಳೆಗೆ ಜಿಎಫ್‌ಸಿಐ ಬಿತ್ತು, ಬಾಗಿಲು ಸತ್ತಿತು. ಮೋಟಾರೇ ಕೆಟ್ಟಿದೆ ಎಂದು ಎರಡು ದಿನ ಕಾರು ಬೀದಿಯಲ್ಲಿಟ್ಟೆ.

ಪ್ಯಾನೆಲ್ ಮುಚ್ಚಳ ತೆಗೆಯುವ ಕೆಲಸ ಮಾತ್ರ ಎಲೆಕ್ಟ್ರಿಷಿಯನ್‌ಗೆ ಬಿಡಿ. ಮೇನ್ ಆಫ್ ಮಾಡಿದರೂ ಮೀಟರಿನಿಂದ ಬರುವ ದಪ್ಪ ವಯರುಗಳಲ್ಲಿ ಕರೆಂಟು ಇರುತ್ತದೆ. ಎಕ್ಸ್‌ಟೆನ್ಶನ್ ಬೋರ್ಡನ್ನು ಸೂರಿಗೆ ನೇತುಹಾಕಿ ಕಾಯಂ ಮಾಡುವುದು, ಬಲ್ಬ್ ಹೋಲ್ಡರಿಗೆ ಅಡಾಪ್ಟರ್ ತಿರುಗಿಸುವುದು ಎರಡೂ ನಿಷಿದ್ಧ. ಮೋಟಾರಿನ ಪ್ಲಗ್ಗಿನ ಮೂರನೇ ಕಾಲು, ಅಂದರೆ ಅರ್ಥಿಂಗ್ ಪಿನ್ನು, ಮುರಿಯುವವರೂ ಇದ್ದಾರೆ. ಅಂಥವರಿಗೆ ನಾನೇನು ಹೇಳಲಿ.

ಮೋಟಾರು ಓಡಿದ ಮೇಲೆ ಬಾಗಿಲ ಎರಡೂ ಬದಿಗೆ, ನೆಲದಿಂದ 6 ಇಂಚಿನೊಳಗೆ ಸೆನ್ಸರ್ ಕಣ್ಣುಗಳನ್ನು ಕೂರಿಸಿ. ಮಕ್ಕಳು ಅಡ್ಡ ಬಂದರೆ ಇಳಿಯುತ್ತಿರುವ ಬಾಗಿಲು ವಾಪಸ್ಸು ಏರಬೇಕು. 1993ರಿಂದ ಇದು ಅಲ್ಲಿ ಕಡ್ಡಾಯ. ಕರೆಂಟ್ ಹೋದಾಗ ಬಾಗಿಲು ಕೈಯಲ್ಲಿ ಎತ್ತಲು ಕೆಂಪು ಹಿಡಿಕೆಯ ಹಗ್ಗ ನೇತಾಡುತ್ತಿರುತ್ತದೆ. ಬಾಗಿಲು ಮುಚ್ಚಿದ್ದಾಗಲೇ ಎಳೆಯಿರಿ. ಕ್ಯಾಲಿಫೋರ್ನಿಯಾದಲ್ಲಂತೂ 2019ರ ಜುಲೈಯಿಂದ ಮಾರುವ ಹೊಸ ಮೋಟಾರಿಗೆ ಬ್ಯಾಟರಿಯೂ ಇರಬೇಕು. ಇನ್ವರ್ಟರ್ ಇಲ್ಲದೆ ಬೇಸಿಗೆ ಕಳೆಯದ ಕಲಬುರಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹುಡುಗ ಪರ್ಮಿಟ್ ತೆಗೆದ, ಪ್ಯಾನೆಲ್ ಕೆಲಸಕ್ಕೆ ಎಲೆಕ್ಟ್ರಿಷಿಯನ್ ಕರೆಸಿದ, ಉಳಿದದ್ದು ತಾನೇ ಮಾಡಿದ. ತಪಾಸಣೆಯ ದಿನ ಅಪ್ಪ ಮತ್ತೆ ಫೋನಿನ ಮುಂದೆ. ಇನ್‌ಸ್ಪೆಕ್ಟರ್ ಗೋಡೆಯ ಸಾಕೆಟ್ಟಿನ ಟೆಸ್ಟ್ ಗುಂಡಿ ಒತ್ತಿದ, ಸೂರಿನಲ್ಲಿ ಮೋಟಾರಿನ ದೀಪ ಆರಿತು. ರೀಸೆಟ್ ಒತ್ತಿದ, ಹತ್ತಿತು. ಸಹಿ ಮಾಡಿ ಹೊರಟ.

"ಇಷ್ಟs ಏನು?" ಅಂದರು ಅಪ್ಪ. "ಒಂದ್ ಚಾ ಸುದ್ದಾ ಕುಡೀಲಿಲ್ಲಲಾ ಅಂವ."