ಬೀಗ ಹಾಕಿದ ಮನೆಯನ್ನು ಮಾರಾಟಕ್ಕೆ ತಯಾರು ಮಾಡುವುದು

ಅಪ್ಪ ತೀರಿಕೊಂಡ ಮೇಲೆ ಅಮ್ಮ ನಮ್ಮ ಜೊತೆ ಮಂಗಳೂರಿಗೆ ಬಂದರು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಇರುವ ನಮ್ಮ ಹಂಚಿನ ಮನೆ ಎರಡು ಮಳೆಗಾಲ ಬೀಗ ಹಾಕಿಕೊಂಡೇ ಇತ್ತು. ಕೊನೆಗೆ ಮಾರಿಬಿಡೋಣ ಅಂತ ತೀರ್ಮಾನವಾಯಿತು. ಬ್ರೋಕರ್ ಸೆಪ್ಟೆಂಬರಿನಲ್ಲೇ ಒಂದು ಪಾರ್ಟಿ ಇದೆ ಅಂದ. ನಾನು ಗಡಿಬಿಡಿಯಲ್ಲಿ ಚಾವಡಿಗೆ ಪುಟ್ಟಿ ಎಳೆಸಿ ಬಣ್ಣ ಹೊಡೆಸಿದೆ. ಒಂದು ವಾರ ಚಂದ ಕಾಣುತ್ತಿತ್ತು. ನೋಡಲು ಬಂದವರಲ್ಲಿ ಒಬ್ಬ ಹಿರಿಯರು ಕಿಟಕಿಯ ಕೆಳಗೆ ಸ್ವಲ್ಪ ಉಬ್ಬಿದ್ದ ಜಾಗಕ್ಕೆ ಸುಮ್ನೆ ಉಗುರು ಹಾಕಿದರು ನೋಡಿ, ಬಣ್ಣ ಹಪ್ಪಳದ ಹಾಗೆ ಎದ್ದು ಬಂತು, ಹಿಂದೆ ಒದ್ದೆ ಗೋಡೆ. ಅವರು ಏನೂ ಮಾತಾಡಲಿಲ್ಲ. ಕಾರು ಹತ್ತಿದ ಮೇಲೆ ಬ್ರೋಕರ್ ಹತ್ತಿರ ರೇಟು ಇಳಿಸಿ ಹೇಳಿದರಂತೆ.

ಆಮೇಲೆ ನಾನು ಎಲ್ಲವನ್ನೂ ಮೊದಲಿಂದ ಮಾಡಿದೆ. ನಿಮ್ಮದೂ ಇಂಥದೇ ಖಾಲಿ ಮನೆ ಇದ್ದರೆ ನನ್ನ ದುಡ್ಡು ಹೋದ ಹಾಗೆ ನಿಮ್ಮದು ಹೋಗುವುದು ಬೇಡ.

ಮೊದಲು ಕಾಲ ನೋಡಿ. ನಮ್ಮ ಕಡೆ ಗೋಡೆಗಳೆಲ್ಲ ಕೆಂಪುಕಲ್ಲಿನವು. ಕಲ್ಲಿನ ಮೈಯೆಲ್ಲ ತೂತು, ನೀರು ಕುಡಿಯುತ್ತದೆ. ಜೂನಿನಿಂದ ಹೊಡೆದ ಮಳೆಯ ನೀರು ಅಷ್ಟು ಬೇಗ ಆರುವುದಿಲ್ಲ, ಮೇಲಿಂದ ಅಕ್ಟೋಬರಿನ ಸಂಜೆ ಗುಡುಗು ಮಳೆ ಬೇರೆ. ದೀಪಾವಳಿ ಕಳೆಯಲಿ, ಕಿಟಕಿ ತೆರೆದು ಗೋಡೆ ಒಣಗಲಿ. ಬಿಳಿ ಉಪ್ಪು ಬಿಟ್ಟ ಕಡೆ ಒಣ ಬ್ರಶ್ಶಿನಲ್ಲಿ ಉಜ್ಜಿ ತೆಗೆಯಿರಿ, ನೀರು ಹಾಕಿ ತೊಳೆದರೆ ಉಪ್ಪು ಮತ್ತೆ ಒಳಗೇ ಹೋಗುತ್ತದೆ. ಒಡೆದ ಹಂಚು, ಹಂಚಿನ ನೀರು ಹರಿದು ಹೋಗುವ, ಕಸ ತುಂಬಿದ ದಂಬೆ, ಗೋಡೆಯ ಬುಡದಲ್ಲಿ ನಿಲ್ಲುವ ನೀರು, ಇವೆಲ್ಲ ಸರಿಯಾದ ಮೇಲೆ ಡಿಸೆಂಬರಿನಲ್ಲಿ ಬಣ್ಣ. ತಿಳಿ ಬಣ್ಣ ಸಾಕು. ಹಂಚಿನ ಮನೆಯೊಳಗೆ ಬೆಳಕು ಕಮ್ಮಿ, ಗಾಢ ಹಸಿರು ಹೊಡೆದರೆ ಗುಹೆ ಆಗುತ್ತದೆ. ಆಟಿ ತಿಂಗಳಲ್ಲಂತೂ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ನಮ್ಮಲ್ಲಿ ಮನೆ ನೋಡಲು ಬರುವವರೇ ಕಮ್ಮಿ, ಹಾಗಾಗಿ ಕಾದರೆ ನಷ್ಟ ಏನಿಲ್ಲ.

ಇನ್ನು ವಾಸನೆ. ನನ್ನ ಪ್ರಕಾರ ಖಾಲಿ ಮನೆಯ ಅರ್ಧ ಬೆಲೆ ಇದರಲ್ಲೇ ಇದೆ. ನಮಗೆ ಗೊತ್ತಾಗುವುದಿಲ್ಲ, ಹುಟ್ಟಿ ಬೆಳೆದ ಮನೆ ಅಲ್ವಾ? ಹೊರಗಿನವರಿಗೆ ಬಾಗಿಲು ತೆರೆದ ಕೂಡಲೇ ಹೊಡೆಯುತ್ತದೆ. ನಾನು ಪಕ್ಕದ ಮನೆಯ ಅಕ್ಕನನ್ನು ಕರೆದು, "ಸತ್ಯ ಹೇಳಿ ಅಕ್ಕಾ, ಏನು ನಾತ?" ಅಂತ ಕೇಳಿದೆ. "ಅಟ್ಟದಲ್ಲಿ ಬಾವಲಿ, ಬಚ್ಚಲಲ್ಲಿ ಚರಂಡಿ, ಬಾಕಿ ಎಲ್ಲ ಮುಗ್ಗು" ಅಂದರು. ಮೂರೂ ನಿಜ. ಬಾವಲಿ ಸಂಜೆ ಹೊರಗೆ ಹೋದ ಮೇಲೆ, ಒಳಗೆ ಒಂದೂ ಉಳಿದಿಲ್ಲ ಅಂತ ಖಾತ್ರಿ ಮಾಡಿಕೊಂಡು, ಮಾಡಿನ (ಚಾವಣಿಯ) ಸಂದಿಗೆ ಬಲೆ ಬಡಿಸಿದೆವು. ಹಿಕ್ಕೆ ತೆಗೆಯುವಾಗ ಮೂಗಿಗೆ ಮಾಸ್ಕ್ ಕಟ್ಟಿ, ಮೊದಲು ನೀರು ಚಿಮುಕಿಸಿ, ಒಣ ಧೂಳು ಎಬ್ಬಿಸಬೇಡಿ. ಬಚ್ಚಲಿನ ನಾತಕ್ಕೆ ಕಾರಣ ತುಂಬ ಸಣ್ಣದು. ನೀರು ಹೋಗುವ ಜಾಲಿಯ ಕೆಳಗೆ ಬಾಗಿದ ಪೈಪಿನಲ್ಲಿ ಸ್ವಲ್ಪ ನೀರು ನಿಂತಿರಬೇಕು, ಅದೇ ಗಾಳಿಯನ್ನು ತಡೆಯುವುದು. ಬಳಸದೆ ಬಿಟ್ಟರೆ ಆ ನೀರು ಆರಿಹೋಗಿ ಸೆಪ್ಟಿಕ್ ಟ್ಯಾಂಕಿನ ಗಾಳಿ ನೇರ ಮನೆಯೊಳಗೆ ಬರುತ್ತದೆ. ವಾರಕ್ಕೊಮ್ಮೆ ಬಚ್ಚಲು, ಅಡುಗೆಮನೆಯ ಸಿಂಕು, ಕಕ್ಕಸು ಎಲ್ಲದಕ್ಕೂ ಒಂದೊಂದು ಕೊಡಪಾನ ನೀರು ಹೊಯ್ಯಿರಿ, ಅಷ್ಟೇ. ಮುಗ್ಗಿಗೆ ಗಾಳಿ ಬಿಸಿಲು ಬಿಟ್ಟರೆ ಮದ್ದಿಲ್ಲ. ಹಳೆ ಹಾಸಿಗೆ, ಪೇಪರ್ ಕಟ್ಟು, ಗೋಣಿಚೀಲ ಎಲ್ಲ ಹೊರಗೆ ಹಾಕಿ. ಊದುಬತ್ತಿ, ಸ್ಪ್ರೇ ಮಾತ್ರ ಹೊಡೆಯಬೇಡಿ, ಏನೋ ಮುಚ್ಚಿಡುತ್ತಿದ್ದಾರೆ ಅಂತ ಅವರಿಗೆ ಮೊದಲು ಬರುವ ಸಂಶಯ ಅದೇ.

ಒರಲೆ (ಗೆದ್ದಲು) ಇದ್ದರೆ ಪೆಸ್ಟ್ ಕಂಟ್ರೋಲಿನವರನ್ನು ಕರೆದು ಬಿಲ್ಲು ಇಟ್ಟುಕೊಳ್ಳಿ, ತೋರಿಸಲು ಬೇಕಾಗುತ್ತದೆ. ಹಂಚಿನ ಕೆಳಗಿನ ಮರದ ಪಕ್ಕಾಸು ರೀಪುಗಳಿಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚುವ ಪದ್ಧತಿ ನಮ್ಮಲ್ಲಿದೆ, ಒಳ್ಳೆಯದೇ. ಆದರೆ ಅದು ಮೈಗೆ ತಾಗಿದರೆ ಸುಟ್ಟು ಬೊಕ್ಕೆ ಬರುತ್ತದೆ, ನೋಡಲು ಬರುವ ಹಿಂದಿನ ದಿನ ಹಚ್ಚುವ ಸಾಹಸ ಬೇಡ.

ನೀರಿನ ವಿಷಯಕ್ಕೆ ಬರೋಣ. ಕಾಸರಗೋಡಿನಲ್ಲಿ ಮನೆ ಕೊಳ್ಳುವವ ಅಡುಗೆಮನೆಗಿಂತ ಮೊದಲು ಬಾವಿಕಟ್ಟೆಗೆ ಹೋಗುತ್ತಾನೆ. ಎಪ್ರಿಲ್ ಮೇಯಲ್ಲಿ ನೀರಿರುತ್ತದಾ ಅಂತ ಕೇಳಿಯೇ ಕೇಳುತ್ತಾನೆ. ಕಳೆದ ಬೇಸಗೆಯಲ್ಲಿ ನೀರು ಎಷ್ಟಿತ್ತು ಅಂತ ಫೋಟೋ ಇದ್ದರೆ ಅದಕ್ಕಿಂತ ದೊಡ್ಡ ಜಾಹೀರಾತು ಇಲ್ಲ. ಬಾವಿಗೆ ಬಿದ್ದ ತರಗೆಲೆ ತೆಗೆಸಿ, ಬಲೆ ಹಾಕಿಸಿ, ಬ್ಲೀಚಿಂಗ್ ಪೌಡರ್ ಹಾಕಿ. ಲೆಕ್ಕ ಸುಲಭ. ಬಾವಿಯ ಅಗಲವನ್ನು ಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಕೊನೆಗೆ 785ರಿಂದ ಗುಣಿಸಿದರೆ ಎಷ್ಟು ಲೀಟರ್ ಅಂತ ಸಿಗುತ್ತದೆ. ನಮ್ಮ ಬಾವಿ 2 ಮೀಟರ್ ಅಗಲ, ನೀರು 3 ಮೀಟರ್, ಹತ್ತಿರ ಹತ್ತಿರ 9,400 ಲೀಟರ್. 1,000 ಲೀಟರಿಗೆ 2.5 ಗ್ರಾಂ ಲೆಕ್ಕದಲ್ಲಿ 24 ಗ್ರಾಂ ಬೇಕಾಯಿತು, ತುಂಬ ದಿನ ಮುಟ್ಟದ ಬಾವಿ ಅಂತ ಮೊದಲ ಸಲ ಎರಡರಷ್ಟು ಹಾಕಿದೆ. ಪುಡಿಯನ್ನು ಬಕೆಟಿನಲ್ಲಿ ಕಲಸಿ, ಸುಣ್ಣ ಕೆಳಗೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಕೊಡಪಾನದಲ್ಲಿ ಇಳಿಸಿ ನೀರಿನಲ್ಲಿ ಮೇಲೆ ಕೆಳಗೆ ಆಡಿಸಬೇಕು. ಸುರಂಗ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದದ್ದು) ಇದ್ದರೆ ಬಾಯಿಯ ಹತ್ತಿರ ಕಾಡು ಸವರಿಸಿ ತೋರಿಸಿ. ಬೆಂಗಳೂರಿನಿಂದ ಬಂದವರು ಅದರ ಮುಂದೆಯೇ ಹತ್ತು ಫೋಟೋ ತೆಗೆಯುತ್ತಾರೆ. ದೂರದವರು ಎಂಡೋಸಲ್ಫಾನ್ ಕೀಟನಾಶಕದ ಬಗ್ಗೆಯೂ ಕೇಳಬಹುದು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಸಿಂಪಡಿಸುವುದು 2000ರಲ್ಲೇ ನಿಂತಿದೆ. ನಿಮ್ಮ ಜಾಗ ತೋಟದಿಂದ ಎಷ್ಟು ದೂರ ಅಂತ ನೇರ ಹೇಳಿ, ತಡವರಿಸಬೇಡಿ.

ಕರೆಂಟ್ ಕನೆಕ್ಷನ್ ಕಡಿಸಬೇಡಿ. ಎರಡು ತಿಂಗಳಿಗೊಮ್ಮೆ ಬರುವ ಕೆಎಸ್‌ಇಬಿ (ಕೇರಳದ ವಿದ್ಯುತ್ ಮಂಡಳಿ) ಬಿಲ್ಲು ಖಾಲಿ ಮನೆಗೆ ಏನು ಮಹಾ? ಸ್ವಿಚ್ ಹಾಕಿದರೆ ದೀಪ ಉರಿಯಬೇಕು, ನಲ್ಲಿ ತಿರುಗಿಸಿದರೆ ನೀರು ಬರಬೇಕು. ಪಂಪನ್ನು ವಾರಕ್ಕೊಮ್ಮೆ ಓಡಿಸದಿದ್ದರೆ ಬೇಕಾದ ದಿನವೇ ಜಾಮ್ ಆಗುತ್ತದೆ.

ಒಳಗೆ ಪೂರ್ತಿ ಖಾಲಿ ಬಿಡುವುದೂ ಸರಿಯಲ್ಲ. ಖಾಲಿ ಕೋಣೆ ಚಿಕ್ಕದಾಗಿ ಕಾಣುತ್ತದೆ, ಮಂಚ ಹಾಕಿದ ಮೇಲೆಯೇ ಓಹೋ ಇಷ್ಟು ಜಾಗ ಇದೆಯಾ ಅನ್ನಿಸುವುದು. ಒಂದು ಕೋಣೆಗೆ ಮಂಚ, ಚಾವಡಿಗೆ ಒಂದು ಮೇಜು ಎರಡು ಕುರ್ಚಿ, ಜಗಲಿಗೆ ಅಜ್ಜನ ಆರಾಮ ಕುರ್ಚಿ. ಗೋಡೆಯ ಮೊಳೆ, ಕ್ಯಾಲೆಂಡರಿನ ಕಲೆ, ತೀರಿಕೊಂಡವರ ಫೋಟೋ ಎಲ್ಲ ತೆಗೆಯಿರಿ. ದೇವರ ಕೋಣೆಯ ಮೂರ್ತಿಗಳನ್ನು ಕ್ರಮಪ್ರಕಾರ ಮೊದಲೇ ಸಾಗಿಸಿ, ಕೋಣೆ ಗುಡಿಸಿ ಒರೆಸಿ ಬಿಡಿ. ಕಾವಿ (ರೆಡ್ ಆಕ್ಸೈಡ್) ನೆಲಕ್ಕೆ ಟೈಲ್ಸ್ ಹಾಕಿಸಲು ಹೊರಡಬೇಡಿ, ಖರ್ಚು ವಾಪಸ್ ಬರುವುದಿಲ್ಲ. ಚೆನ್ನಾಗಿ ಒರೆಸಿ, ಬಟ್ಟೆಗೆ ನಾಲ್ಕು ಹನಿ ತೆಂಗಿನೆಣ್ಣೆ ಹಾಕಿ ತಿಕ್ಕಿದರೆ ಕನ್ನಡಿಯ ಹಾಗೆ ಹೊಳೆಯುತ್ತದೆ. ನಾನು ಉತ್ಸಾಹದಲ್ಲಿ ಜಾಸ್ತಿ ಹಾಕಿ ನಾನೇ ಜಾರಿ ಬಿದ್ದೆ. ಅಂಗಳದ, ಮೆಟ್ಟಿಲಿನ ಹಾವಸೆಯನ್ನೂ ಬ್ಲೀಚಿಂಗ್ ಹಾಕಿ ತಿಕ್ಕಿಸಿ, ಬಂದವರು ಬೀಳುವುದು ಬೇಡ.

ಜಾಗದಲ್ಲಿ ನಾಗನ ಕಟ್ಟೆಯೋ ದೈವದ ಸ್ಥಾನವೋ ಇದ್ದರೆ ಮೊದಲ ಫೋನಿನಲ್ಲೇ ಹೇಳಿಬಿಡಿ. ತಂಬಿಲ (ನಾಗ, ದೈವಗಳಿಗೆ ಸಲ್ಲಿಸುವ ಸೇವೆ) ಯಾರು ಮಾಡಬೇಕು, ಕುಟುಂಬದವರು ಬಂದು ಹೋಗಲು ದಾರಿ ಇರುತ್ತದಾ ಅಂತ ಮನೆಯೊಳಗೆ ನಿಮ್ಮ ನಿಮ್ಮಲ್ಲೇ ಮೊದಲು ಮಾತಾಡಿಕೊಳ್ಳಿ. ಎಷ್ಟೋ ವ್ಯಾಪಾರ ಇದೇ ಒಂದು ವಿಷಯಕ್ಕೆ ಅಡ್ವಾನ್ಸ್ ಕೊಟ್ಟ ಮೇಲೆ ಮುರಿದದ್ದನ್ನು ನಾನು ಕೇಳಿದ್ದೇನೆ.

ಕಾಗದಪತ್ರವೂ ಮನೆಯ ಅಂದವೇ. ಆಧಾರ (ಕಾರ್ಡ್ ಅಲ್ಲ ಮಾರಾಯ್ರೆ, ನಮ್ಮ ಕಡೆ ಆಧಾರ ಅಂದರೆ ಜಾಗದ ದಾಖಲೆ), ವಿಲೇಜ್ ಆಫೀಸಿನ ಈ ವರ್ಷದ ಭೂತೆರಿಗೆ ರಶೀದಿ, ಪಂಚಾಯತಿನ ಕಟ್ಟಡ ತೆರಿಗೆ ರಶೀದಿ, ಋಣಭಾರ ಸರ್ಟಿಫಿಕೇಟ್, ಎಲ್ಲ ಒಂದು ಫೈಲಿನಲ್ಲಿರಲಿ. ಅಪ್ಪನ ಹೆಸರಲ್ಲೇ ಇದ್ದರೆ ಪೋಕುವರವು (ಕಂದಾಯ ದಾಖಲೆಯಲ್ಲಿ ಹೆಸರು ಬದಲಾವಣೆ) ಮಾಡಿಸಿ ವಾರಸುದಾರರ ಹೆಸರಿಗೆ ತನ್ನಿ, ಅದಕ್ಕೆ ಸಮಯ ಹಿಡಿಯುತ್ತದೆ, ಬಣ್ಣಕ್ಕಿಂತ ಮೊದಲು ಶುರು ಮಾಡಿ. 1956ರವರೆಗೆ ನಾವು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯವರು, ಹಳೆಯ ದಾಖಲೆ ಎಷ್ಟೋ ಕನ್ನಡದಲ್ಲೇ ಇವೆ. ಪಯ್ಯನ್ನೂರಿನಿಂದ ಬಂದ ಮಲಯಾಳಿ ಅದನ್ನು ಹೇಗೆ ಓದುತ್ತಾನೆ? ಆಧಾರ ಬರೆಯುವವರಿಂದ ಮಲಯಾಳದಲ್ಲಿ ಒಂದು ಪುಟದ ಸಾರಾಂಶ ಬರೆಸಿಡಿ. ಕೇರಳದಲ್ಲಿ ಸ್ಟಾಂಪ್ ಡ್ಯೂಟಿ 8, ರಿಜಿಸ್ಟ್ರೇಶನ್ 2, ಒಟ್ಟು ನೂರಕ್ಕೆ 10 ರೂಪಾಯಿ. 40 ಲಕ್ಷಕ್ಕೆ ಬರೆಸಿದರೆ 4 ಲಕ್ಷ ಹೋಯಿತು. ಅದು ಕೊಳ್ಳುವವನ ತಲೆಯಲ್ಲಿ ಕೊರೆಯುತ್ತಲೇ ಇರುತ್ತದೆ, ಎಲ್ಲಿ ಒಂದು ಬಿರುಕು ಸಿಗುತ್ತದೋ ಅಲ್ಲಿ ಕಡಿತ ಕೇಳುತ್ತಾನೆ.

ಫೋಟೋ ಬೆಳಗ್ಗೆ ಬಿಸಿಲು ಅಂಗಳಕ್ಕೆ ಬಿದ್ದಾಗ ತೆಗೆಯಿರಿ, ಫೋನನ್ನು ಅಡ್ಡ ಹಿಡಿದು ಎದೆ ಎತ್ತರದಲ್ಲಿ. ಕೋಣೆಯ ಮೂಲೆಯಿಂದ ತೆಗೆದರೆ ಜಾಗ ಸರಿಯಾಗಿ ಕಾಣುತ್ತದೆ. ರಸ್ತೆಯಿಂದ ಗೇಟಿನವರೆಗಿನ ದಾರಿಯದ್ದೂ ಒಂದಿರಲಿ, ಲಾರಿ ಬರುತ್ತದಾ ಅಂತ ಕೇಳದವರಿಲ್ಲ.

ನೋಡಲು ಬರುವ ದಿನ ಒಂದು ಗಂಟೆ ಮೊದಲೇ ಹೋಗಿ ಎಲ್ಲ ಕಿಟಕಿ ತೆರೆಯಿರಿ, ಜೇಡರ ಬಲೆ ಹೊಡೆಯಿರಿ, ಅಂಗಳ ಗುಡಿಸಿ. ಫ್ಲಾಸ್ಕಿನಲ್ಲಿ ಚಾ ಇರಲಿ. ಮನೆ ತೋರಿಸುವಾಗ ಹಿಂದೆ ಹಿಂದೆ ಸುತ್ತಬೇಡಿ, ಗಂಡ ಹೆಂಡತಿ ಅಡುಗೆಮನೆಯಲ್ಲಿ ನಿಂತು ಅವರವರೇ ಮಾತಾಡಿಕೊಳ್ಳಲಿ. ಜನವರಿಯಲ್ಲಿ ಬಂದ ಇನ್ನೊಂದು ಪಾರ್ಟಿಯವರೂ ಕಿಟಕಿಯ ಕೆಳಗೆ ಉಗುರು ಹಾಕಿ ನೋಡಿದರು. ನಾನು ಜಗಲಿಯಲ್ಲಿ ಕೂತು ಚಾ ಕುಡಿಯುತ್ತಿದ್ದೆ.