ತಾನೇ ತೊಳೆದುಕೊಳ್ಳುವ ಬೆಕ್ಕಿನ ಪೆಟ್ಟಿಗೆಯನ್ನು ತೊಳೆಯುವ ಬಗೆ

ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಮಹಡಿಯ ಬಚ್ಚಲಿನಲ್ಲಿ ಮೂರು ವರ್ಷದಿಂದ ಬೆಕ್ಕುಗಳಿಗೆಂದೇ ಒಂದು ಯಂತ್ರವಿದೆ. ಬೆಳ್ಳಿ ಮತ್ತು ಕೆಂಚ ತಮ್ಮ ಕೆಲಸ ಮುಗಿಸಿ ಹೊರಬಂದ ಸ್ವಲ್ಪ ಹೊತ್ತಿಗೆ ಅದು ತಾನಾಗಿಯೇ ಶುರುವಾಗುತ್ತದೆ. ಬೋಗುಣಿಯಲ್ಲಿ ಮರಳಿನ ಬದಲು ತೊಳೆದು ಮತ್ತೆ ಬಳಸುವ ಪ್ಲಾಸ್ಟಿಕ್ ಹರಳುಗಳಿರುತ್ತವೆ. ಜರಡಿಯಂಥ ಒಂದು ಕೈ ಮಲವನ್ನು ಎತ್ತಿ ಹಿಂಬದಿಯ ಡಬ್ಬಕ್ಕೆ ಹಾಕುತ್ತದೆ. ಡಬ್ಬದೊಳಗಿನ ರೆಕ್ಕೆಚಕ್ರ ಅದನ್ನು ನೀರಿನಲ್ಲಿ ಕದಡಿ, ತೆಳ್ಳಗೆ ಮಾಡಿ, ಪೈಪಿನ ಮೂಲಕ ಕಮೋಡಿಗೆ ತಳ್ಳುತ್ತದೆ. ಆಮೇಲೆ ಹರಳುಗಳಿಗೆ ಸೋಪಿನ ದ್ರಾವಣದ ಸ್ನಾನ, ಕೊನೆಗೆ ಬಿಸಿಗಾಳಿ. ಎಲ್ಲ ಸೇರಿ ಅರ್ಧ ಗಂಟೆಯ ಮೇಲೆ ಹಿಡಿಯುತ್ತದೆ.

ಇಷ್ಟೆಲ್ಲ ತಾನೇ ಮಾಡುವ ಯಂತ್ರಕ್ಕೆ ನಮ್ಮ ಕೈ ಬೇಡ ಎಂದೇ ನಾನೂ ನಂಬಿದ್ದೆ. ಮೊದಲ ವರ್ಷದ ಜುಲೈ ತಿಂಗಳಲ್ಲಿ ಜಡಿಮಳೆ ಹಿಡಿದಾಗ ಬಚ್ಚಲಿನಿಂದ ಹಳಸಿದ ವಾಸನೆ ಬರತೊಡಗಿತು. ಡಬ್ಬದ ಮುಚ್ಚಳ ಬಿಚ್ಚಿ ನೋಡಿದರೆ ರೆಕ್ಕೆಚಕ್ರದ ದಂಡಿಗೆ ಬೆಳ್ಳಿಯ ಬಿಳಿ ಕೂದಲು ದೀಪದ ಬತ್ತಿಯ ಹಾಗೆ ಬಿಗಿಯಾಗಿ ಸುತ್ತಿಕೊಂಡಿತ್ತು. ಅದರ ಮೇಲೆ ಬೂದುಬಣ್ಣದ ಲೋಳೆ. ಚಕ್ರ ತಿರುಗುತ್ತಿತ್ತು, ಆದರೆ ಏನನ್ನೂ ಕದಡುತ್ತಿರಲಿಲ್ಲ. ಅಂದಿನಿಂದ ಭಾನುವಾರದ ಬೆಳಿಗ್ಗೆಯನ್ನು ಈ ಕೆಲಸಕ್ಕೆ ಮೀಸಲಿಟ್ಟಿದ್ದೇನೆ. ಮೈಸೂರು, ಮಂಡ್ಯ ಕಡೆಯ ಮನೆಗಳಲ್ಲಿ ಇಂಥ ಯಂತ್ರ ಇಟ್ಟುಕೊಂಡವರಿಗೆ, ತರಿಸಲು ಯೋಚಿಸುತ್ತಿರುವವರಿಗೆ ಆ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಕೈ ಹಾಕುವ ಮೊದಲು

ಯಂತ್ರವನ್ನು ಸ್ವಿಚ್ಚಿನಲ್ಲಿ ಆರಿಸಿದರೆ ಸಾಲದು. ನಮ್ಮ ಮನೆಗೆ ವೈರಿಂಗ್ ಮಾಡಿದ ಎಲೆಕ್ಟ್ರಿಷಿಯನ್ ಹೇಳಿದ ಮಾತನ್ನು ನಾನು ಹಾಗೇ ಪಾಲಿಸುತ್ತೇನೆ: ‘ಮೇಡಂ, ಪ್ಲಗ್ ಕಿತ್ತು ನಿಮ್ಮ ಕಣ್ಣೆದುರಿಗೆ ಇಟ್ಟುಕೊಳ್ಳಿ, ಆಮೇಲೆ ಯಂತ್ರ ಮುಟ್ಟಿ.’ ಇದಕ್ಕೆ ಕಾರಣವಿದೆ. ಕರೆಂಟು ಹೋಗಿ ಬಂದಾಗ ಕೆಲವು ಯಂತ್ರಗಳು ಅರ್ಧಕ್ಕೆ ನಿಂತ ಕೆಲಸವನ್ನು ತಾವಾಗಿ ಮುಂದುವರಿಸುತ್ತವೆ. ಆ ಹೊತ್ತಿಗೆ ಬೆರಳು ರೆಕ್ಕೆಚಕ್ರದ ಬಳಿ ಇದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ನೀರೂ ವಿದ್ಯುತ್ತೂ ಒಟ್ಟಿಗಿರುವ ಜಾಗ ಅದು. ಪ್ಲಗ್ ಪಾಯಿಂಟಿಗೆ ಸರಿಯಾದ ಅರ್ತಿಂಗ್ ಇರಬೇಕು. ಆ ಲೈನಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರಲೇಬೇಕು. ಸೋರಿಕೆಯ ವಿದ್ಯುತ್ತನ್ನು ಗುರುತಿಸಿ ಕ್ಷಣದೊಳಗೆ ಕಡಿದುಹಾಕುವುದು ಅದು, ಸಾಮಾನ್ಯ ಎಂಸಿಬಿ ಅಲ್ಲ. ಹಳೆಯ ಮನೆಗಳಲ್ಲಿ ಇದನ್ನು ಹಾಕಿಸಿರುವುದಿಲ್ಲ. ಯಂತ್ರಕ್ಕಿಂತ ಮೊದಲು ಇದಕ್ಕೆ ಖರ್ಚು ಮಾಡಿ. ಅಮೆರಿಕದಲ್ಲಿರುವ ಮಕ್ಕಳು ತಂದುಕೊಟ್ಟ ಯಂತ್ರವಾದರೆ ಹಿಂಬದಿಯ ಚೀಟಿಯನ್ನು ತಪ್ಪದೆ ಓದಿ. ಅಲ್ಲಿನದು 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ಪ್ಲಗ್ ಬದಲಿಸುವ ಅಡಾಪ್ಟರ್ ವೋಲ್ಟೇಜನ್ನು ಇಳಿಸುವುದಿಲ್ಲ.

ಎರಡನೆಯದು ನೀರು. ಯಂತ್ರಕ್ಕೆ ಹೋಗುವ ಆ್ಯಂಗಲ್ ಕಾಕನ್ನು ಪೂರ್ತಿ ತಿರುಗಿಸಿ ನಿಲ್ಲಿಸಿ. ಮೂರನೆಯದು ನಿಮ್ಮ ರಕ್ಷಣೆ: ಮೊಣಕೈವರೆಗಿನ ರಬ್ಬರ್ ಗ್ಲೌಸ್, ಮೂಗಿಗೆ ಮಾಸ್ಕ್, ಕಿಟಕಿ ತೆರೆದಿರಲಿ. ಗರ್ಭಿಣಿಯರು ಮತ್ತು ರೋಗನಿರೋಧಕ ಶಕ್ತಿ ಕುಂದಿದವರು ಈ ಕೆಲಸವನ್ನು ಮನೆಯ ಇನ್ನೊಬ್ಬರಿಗೆ ಬಿಡುವುದೇ ಸರಿ. ಹೆರಿಗೆ ಆಸ್ಪತ್ರೆಯಲ್ಲಿ ಮಾಡಿಸುವ ಟಾರ್ಚ್ (TORCH) ಎಂಬ ರಕ್ತಪರೀಕ್ಷೆಯ ಹೆಸರಿನ ಮೊದಲ ಅಕ್ಷರ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿಯದು. ಬೆಕ್ಕಿನ ಮಲದಲ್ಲಿ ಅದರ ಅಂಡಕೋಶಗಳು, ಅಂದರೆ ಕಣ್ಣಿಗೆ ಕಾಣದ ಮೊಟ್ಟೆಯಂಥ ಕೋಶಗಳು, ಬರಬಹುದು. ಹಾಗೆಂದು ಗಾಬರಿಯಾಗಿ ಬೆಕ್ಕನ್ನು ಮನೆಯಿಂದ ಹೊರಹಾಕಬೇಡಿ. ಸೋಂಕು ತಗುಲಿದ ಬೆಕ್ಕು ಸಾಮಾನ್ಯವಾಗಿ ಒಂದೆರಡು ವಾರ ಮಾತ್ರ ಅವನ್ನು ಹೊರಹಾಕುತ್ತದೆ. ಮನೆಯೊಳಗೇ ಇದ್ದು ಬೇಯಿಸಿದ ಆಹಾರ ತಿನ್ನುವ ಬೆಕ್ಕಿಗೆ ಸೋಂಕು ತಗುಲುವ ಸಾಧ್ಯತೆಯೂ ಕಡಿಮೆ. ಆ ಅಂಡಕೋಶಗಳು ಹೊರಬಿದ್ದ ಮೇಲೆ ಸೋಂಕು ಹರಡುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ಆದ್ದರಿಂದ ಪ್ರತಿದಿನ ಶುಚಿಯಾಗುವ ಪೆಟ್ಟಿಗೆಯೇ ದೊಡ್ಡ ರಕ್ಷಣೆ. ಡಬ್ಬದ ಮೂಲೆಯಲ್ಲಿ ವಾರಗಟ್ಟಲೆ ಅಂಟಿಕೊಂಡು ಕುಳಿತದ್ದೇ ಅಪಾಯ.

ಬಿಚ್ಚಿ ತೊಳೆಯುವುದು

ಹರಳುಗಳನ್ನು ಮೊದಲು ಒಂದು ಬಕೆಟ್ಟಿಗೆ ತೆಗೆಯಿರಿ. ಆ ಬಕೆಟ್ಟು ಇದಕ್ಕೇ ಮೀಸಲಾಗಿರಲಿ. ಬಟ್ಟೆ ನೆನೆಸುವ ಬಕೆಟ್ಟು ಬೇಡ. ಜರಡಿಗೈಯನ್ನೂ ಬೋಗುಣಿಯನ್ನೂ ಕೈಪಿಡಿಯಲ್ಲಿ ತೋರಿಸಿದ ಕ್ರಮದಲ್ಲಿ ಬಿಚ್ಚಿ. ಬಿಚ್ಚುವ ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡರೆ ಜೋಡಿಸುವಾಗ ತಡಕಾಡುವುದು ತಪ್ಪುತ್ತದೆ.

ಡಬ್ಬಕ್ಕೆ ಹೆಚ್ಚು ಸಮಯ ಕೊಡಿ. ರೆಕ್ಕೆಚಕ್ರಕ್ಕೆ ಸುತ್ತಿದ ಕೂದಲನ್ನು ಎಳೆಯಬೇಡಿ, ಎಳೆದಷ್ಟೂ ಬಿಗಿಯಾಗುತ್ತದೆ. ಹೊಲಿಗೆ ಬಿಚ್ಚುವ ಸಣ್ಣ ಕತ್ತರಿಯಿಂದ ಒಂದು ಕಡೆ ಕತ್ತರಿಸಿ, ಚಿಮಟದಿಂದ ಎಳೆಯೆಳೆಯಾಗಿ ತೆಗೆಯಿರಿ. ಚಕ್ರದ ಅಡಿಯಲ್ಲಿ ಒಂದೆರಡು ಹರಳು ಸಿಕ್ಕಿರುತ್ತವೆ. ಯಂತ್ರ ತಿರುಗುವಾಗ ಕಟಕಟ ಸದ್ದು ಬರುವುದು ಇವುಗಳಿಂದಲೇ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೂಲೆಗಳನ್ನು ಉಜ್ಜಿ, ಕೈ ತಾಳುವಷ್ಟು ಬಿಸಿನೀರು ಮತ್ತು ಪಾತ್ರೆ ತೊಳೆಯುವ ಸೋಪಿನ ನೀರಿನಿಂದ ತೊಳೆಯಿರಿ. ಕುದಿಯುವ ನೀರು ಸುರಿದರೆ ಪ್ಲಾಸ್ಟಿಕ್ ಸೊಟ್ಟಗಾಗಿ ಮುಚ್ಚಳ ಸರಿಯಾಗಿ ಕೂರುವುದಿಲ್ಲ.

ಜರಡಿಗೈಯ ಹಲ್ಲುಗಳ ಸಂದು, ಬಿಸಿಗಾಳಿ ಬರುವ ಕಿಂಡಿ, ನೀರಿನ ಮಟ್ಟ ತಿಳಿಯುವ ಸೆನ್ಸರ್, ಈ ಮೂರನ್ನು ಮರೆಯುವವರೇ ಹೆಚ್ಚು. ಕಿಂಡಿಗೆ ಕೂದಲು ಅಡರಿದರೆ ಹರಳು ಒಣಗುವುದಿಲ್ಲ. ಮಳೆಗಾಲದಲ್ಲಿ ಒದ್ದೆ ಹರಳಿನಿಂದಲೇ ವಾಸನೆ ಹುಟ್ಟುತ್ತದೆ, ಬೆಕ್ಕೂ ಅದರ ಮೇಲೆ ಕಾಲಿಡಲು ಹಿಂಜರಿಯುತ್ತದೆ. ಕಿಂಡಿಯ ಹತ್ತಿರ ನೀರು ಸೋಕಿಸದೆ ಒಣ ಬ್ರಷ್ಷಿನಿಂದಷ್ಟೇ ತೆಗೆಯಿರಿ. ಮೋಟಾರು ಇರುವ ಭಾಗವನ್ನು ನಲ್ಲಿಯ ಕೆಳಗೆ ಹಿಡಿಯಲೇಬಾರದು. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ನಮ್ಮ ನೀರಿನ ವಿಚಾರ

ಕಾವೇರಿ, ಕಬಿನಿ ನೀರು ಬರುವ ಮನೆಗಳಲ್ಲಿ ಉಪ್ಪು ಕಟ್ಟುವ ತೊಂದರೆ ಅಷ್ಟಿಲ್ಲ. ಬೋರ್‌ವೆಲ್ ನೀರನ್ನೇ ನೆಚ್ಚಿಕೊಂಡ ಹೊರವಲಯದ ಬಡಾವಣೆಗಳಲ್ಲಿ ಗೀಸರಿನ ಕಾಯಿಲ್ ಮೇಲೆ ಕಟ್ಟುವ ಅದೇ ಬಿಳಿ ಪದರ ಇಲ್ಲಿಯೂ ಕಟ್ಟುತ್ತದೆ. ಸೆನ್ಸರಿನ ಮೇಲೆ ಅದು ಕೂತರೆ ಯಂತ್ರಕ್ಕೆ ನೀರು ತುಂಬಿದ್ದು ತಿಳಿಯದೆ ಹೆಚ್ಚು ತುಂಬಬಹುದು, ಇಲ್ಲವೇ ತಪ್ಪು ಸೂಚನೆ ಕೊಟ್ಟು ನಿಂತುಬಿಡಬಹುದು. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಮ್ಲವನ್ನು ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ಚಮಚದಷ್ಟು ಕರಗಿಸಿ, ಬಟ್ಟೆಯಲ್ಲಿ ಅದ್ದಿ ಪದರದ ಮೇಲೆ 20 ನಿಮಿಷ ಹೊದಿಸಿಡಿ. ಪದರ ಮೆತ್ತಗಾಗಿ ಒರೆಸಿದರೆ ಬರುತ್ತದೆ. ಚಾಕು, ಉಕ್ಕಿನ ನಾರು ಬೇಡ. ಗೀರಿದ ಪ್ಲಾಸ್ಟಿಕ್ಕಿನ ಗೀರಿನಲ್ಲೇ ಮುಂದೆ ವಾಸನೆ ನೆಲೆ ನಿಲ್ಲುತ್ತದೆ.

ಒತ್ತಡವನ್ನೂ ನೋಡಿಕೊಳ್ಳಿ. ಹತ್ತು ಮೀಟರ್ ಎತ್ತರದ ನೀರಿನಿಂದ ಸುಮಾರು ಒಂದು ಬಾರ್ ಒತ್ತಡ ಸಿಗುತ್ತದೆ. ಟ್ಯಾಂಕಿನ ಕೆಳಗಿನ ಮಹಡಿಯಲ್ಲೇ ಯಂತ್ರವಿದ್ದು ನಡುವೆ ಮೂರು ಮೀಟರ್ ಅಂತರವಿದ್ದರೆ ಸಿಗುವುದು 0.3 ಬಾರ್ ಅಷ್ಟೇ. ನಿಮ್ಮ ಯಂತ್ರಕ್ಕೆ ಎಷ್ಟು ಬೇಕೆಂದು ಕೈಪಿಡಿಯಲ್ಲಿರುತ್ತದೆ. ಸಾಲದಿದ್ದರೆ ಅದನ್ನು ಕೆಳಮಹಡಿಗೆ ಇಳಿಸುವುದು ಸುಲಭದ ದಾರಿ.

ಏನನ್ನು ಹಾಕಬಾರದು

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ. ಶುಚಿ ಎಂದರೆ ಫಿನಾಯಿಲ್ ಎಂಬ ರೂಢಿ ನಮ್ಮ ಮನೆಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಬೆಕ್ಕಿಗೆ ಅದು ವಿಷ. ನಮ್ಮ ಯಕೃತ್ತು ಫೀನಾಲ್ ಜಾತಿಯ ವಸ್ತುಗಳನ್ನು ಒಡೆದು ಹೊರಹಾಕುವ ದಾರಿ ಬೆಕ್ಕಿನ ಯಕೃತ್ತಿನಲ್ಲಿ ತೀರ ದುರ್ಬಲ. ಬೆಕ್ಕು ಅದನ್ನು ಬಾಯಿಂದ ಕುಡಿಯಬೇಕೆಂದೇನೂ ಇಲ್ಲ. ಒದ್ದೆ ಹರಳಿನ ಮೇಲೆ ಕಾಲಿಟ್ಟು, ಆಮೇಲೆ ಜಗಲಿಯ ಬಿಸಿಲಿನಲ್ಲಿ ಕೂತು ಪಾದ ನೆಕ್ಕಿಕೊಂಡರೆ ಸಾಕು. ನೀರಿಗೆ ಬೆರೆಸಿದಾಗ ಹಾಲಿನಂತೆ ಬೆಳ್ಳಗಾಗುವ ಯಾವ ದ್ರವವನ್ನೂ ಪೆಟ್ಟಿಗೆಯ ಹತ್ತಿರ ತರಬೇಡಿ. ಗಾಯ ತೊಳೆಯುವ ಕಂದುಬಣ್ಣದ ಆ್ಯಂಟಿಸೆಪ್ಟಿಕ್ ಕೂಡ ಈ ಸಾಲಿಗೇ ಸೇರುತ್ತದೆ. ನೆಲ ಒರೆಸುವ ಕೆಲವು ದ್ರಾವಣಗಳಲ್ಲಿ ಬೆಂಜಾಲ್ಕೋನಿಯಂ ಕ್ಲೋರೈಡ್ ಇರುತ್ತದೆ. ಅದರಿಂದ ಬೆಕ್ಕಿನ ನಾಲಗೆ ಹುಣ್ಣಾಗುತ್ತದೆ. ಮನೆಗೆಲಸಕ್ಕೆ ಬರುವವರಿಗೂ ಇದನ್ನು ಬಿಡಿಸಿ ಹೇಳಿ, ಬೇಕಾದರೆ ಬಚ್ಚಲಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿ. ಬೆಕ್ಕು ಜೊಲ್ಲು ಸುರಿಸುತ್ತ ಊಟ ಬಿಟ್ಟರೆ ಪಾದಗಳನ್ನು ಬರೀ ನೀರಿನಲ್ಲಿ ತೊಳೆದು, ಬಳಸಿದ ಬಾಟಲಿಯನ್ನೂ ಹಿಡಿದುಕೊಂಡು ಪಶುವೈದ್ಯರಲ್ಲಿಗೆ ಹೋಗಿ.

ಬ್ಲೀಚಿಂಗ್ ಪುಡಿಯ ಅಪಾಯ ಬೇರೆ ಬಗೆಯದು. ಮೂತ್ರದ ಅಮೋನಿಯಾ ಜೊತೆ ಅದು ಸೇರಿದರೆ ಕ್ಲೋರಮೈನ್ ಎಂಬ ಅನಿಲ ಏಳುತ್ತದೆ, ಎದೆ ಉರಿದು ಉಸಿರು ಕಟ್ಟುತ್ತದೆ. ಆ್ಯಸಿಡ್ ಜೊತೆ ಸೇರಿದರೆ ಕ್ಲೋರಿನ್. ಮೇಲೆ ಹೇಳಿದ ನಿಂಬೆ ಉಪ್ಪೂ ಆ್ಯಸಿಡ್ಡೇ ಎಂಬುದು ನೆನಪಿರಲಿ. ಇಷ್ಟೆಲ್ಲ ಕಷ್ಟಪಟ್ಟರೂ ಟಾಕ್ಸೊಪ್ಲಾಸ್ಮಾದ ಅಂಡಕೋಶಗಳು ಬ್ಲೀಚಿಗೆ ಸಾಯುವುದಿಲ್ಲ. ಉಜ್ಜಿ ತೊಳೆದು ನೀರಿನೊಂದಿಗೆ ಕಳಿಸುವುದೇ ಕೆಲಸಕ್ಕೆ ಬರುವ ಮಾರ್ಗ.

ಪೊಟ್ಟಣದಲ್ಲಿ ಸಿಗುವ ಉಂಡೆಕಟ್ಟುವ ಬೆಂಟೊನೈಟ್ ಮಣ್ಣನ್ನೂ ಈ ಯಂತ್ರಕ್ಕೆ ಸುರಿಯಬೇಡಿ. ನೀರು ತಗುಲಿದರೆ ಅದು ಉಬ್ಬಿ ಪೈಪಿನೊಳಗೆ ಗಾರೆಯಂತೆ ಕೂರುತ್ತದೆ. ಹರಳು ಕಡಿಮೆಯಾದರೆ ಯಂತ್ರಕ್ಕೆಂದೇ ಬರುವ ಹರಳನ್ನು ಸೇರಿಸಿ.

ಕೊಳೆನೀರು ಹೋಗುವ ದಾರಿ

ಹೊರಹೋಗುವ ಪೈಪು ಎಲ್ಲಿಯೂ ಮಡಿಚಿರಬಾರದು. ತುದಿಯನ್ನು ಕಮೋಡಿನ ಅಂಚಿಗೆ ಕೊಕ್ಕೆಯಿಂದ ಭದ್ರಪಡಿಸಿ. ತಳ್ಳುವ ರಭಸಕ್ಕೆ ಅದು ಹಾರಿ ಹೊರಬಿದ್ದರೆ ಬಚ್ಚಲೆಲ್ಲ ಗಲೀಜು. ನಮ್ಮಲ್ಲಿ ಒಮ್ಮೆ ಹಾಗಾಗಿ ಮೆಟ್ಟಿಲವರೆಗೆ ತೊಳೆಯಬೇಕಾಯಿತು.

ಹಳೆಯ ಮೈಸೂರಿನ ಮನೆಗಳಲ್ಲಿ ಬಚ್ಚಲ ನೀರನ್ನು ಹಿತ್ತಿಲ ತೆಂಗಿನ ಮರಕ್ಕೋ ಬಾಳೆಗೋ ಬಿಡುವ ಪದ್ಧತಿಯಿದೆ. ಒಳ್ಳೆಯ ಪದ್ಧತಿ. ಆದರೆ ಈ ನೀರು ಅಲ್ಲಿಗೆ ಹೋಗಕೂಡದು, ರಸ್ತೆಬದಿಯ ಮಳೆನೀರಿನ ಚರಂಡಿಗೂ ಕೂಡದು. ಶೌಚದ ಲೈನಿಗೇ ಸೇರಬೇಕು. ನಗರದ ಒಳಚರಂಡಿಯ ನೀರು ವಿದ್ಯಾರಣ್ಯಪುರಂ, ಕೆಸರೆ, ರಾಯನಕೆರೆಯ ಶುದ್ಧೀಕರಣ ಘಟಕಗಳಿಗೆ ಹೋಗುತ್ತದೆ. ಆದರೂ ಅಂಡಕೋಶಗಳು ಗಟ್ಟಿ ಜೀವ. ಕ್ಯಾಲಿಫೋರ್ನಿಯಾದ ಕಡಲತೀರದಲ್ಲಿ ನೀರುನಾಯಿಗಳು ಟಾಕ್ಸೊಪ್ಲಾಸ್ಮಾದಿಂದ ಸತ್ತದ್ದು ಕಂಡುಬಂದ ಮೇಲೆ, 2006ರಲ್ಲಿ ಆ ರಾಜ್ಯ ಬೆಕ್ಕಿನ ಮರಳನ್ನು ಕಮೋಡಿಗೂ ಚರಂಡಿಗೂ ಹಾಕದಂತೆ ಅದರ ಪೊಟ್ಟಣಗಳ ಮೇಲೆ ಎಚ್ಚರಿಕೆ ಮುದ್ರಿಸುವ ಕಾನೂನನ್ನೇ ಮಾಡಿತು. ಹೊರಗೆ ಅಲೆದು ಇಲಿ, ಹಕ್ಕಿ ಹಿಡಿಯುವ ಬೆಕ್ಕು ನಿಮ್ಮದಾದರೆ ಅಥವಾ ಮನೆಗೆ ಇಂಗುಗುಂಡಿ ಮಾತ್ರವಿದ್ದು ಪಕ್ಕದಲ್ಲೇ ಬಾವಿ ಇದ್ದರೆ, ನನ್ನ ಅಭಿಪ್ರಾಯದಲ್ಲಿ ಈ ಯಂತ್ರವೇ ಬೇಡ. ಮರಳಿನ ತಟ್ಟೆ ಇಟ್ಟು ಪೊಟ್ಟಣ ಕಟ್ಟಿ ಕಸಕ್ಕೆ ಕೊಡುವುದು ಒಳ್ಳೆಯದು.

ಮತ್ತೆ ಜೋಡಿಸಿ, ಕಣ್ಣಿಟ್ಟು ನೋಡಿ

ಎಲ್ಲ ಒಣಗಿದ ಮೇಲೆ ಜೋಡಿಸಿ, ಕಾಕ್ ತಿರುಗಿಸಿ, ಪ್ರತಿ ಜೋಡಣೆಯ ಕೆಳಗೂ ಒಂದು ಒಣ ಕಾಗದ ಇಡಿ. ಕಾಗದ ಒದ್ದೆಯಾದರೆ ವಾಷರ್ ಬದಲಿಸಿ. ನಿಮ್ಮ ಕೈಯೂ ಸುತ್ತಲ ನೆಲವೂ ಒಣಗಿದ ಮೇಲೆಯೇ ಪ್ಲಗ್ ಹಾಕಿ. ಮೊದಲ ಸುತ್ತನ್ನು ಬೆಕ್ಕುಗಳನ್ನು ಹೊರಗಿಟ್ಟು ಓಡಿಸಿ. ಆರು ತಿಂಗಳೊಳಗಿನ ಮರಿ ಮನೆಯಲ್ಲಿದ್ದರೆ ಸ್ವಯಂಚಾಲಿತ ವ್ಯವಸ್ಥೆಯನ್ನು ಆರಿಸಿಟ್ಟು, ಮರಿ ಹೊರಬಂದದ್ದನ್ನು ನೋಡಿ ನೀವೇ ಗುಂಡಿ ಒತ್ತಿ.

ದೊಡ್ಡ ಬೆಕ್ಕುಗಳಿದ್ದರೂ ವಾರಕ್ಕೊಂದು ದಿನ ನಾನು ಸ್ವಯಂಚಾಲಿತ ವ್ಯವಸ್ಥೆಯನ್ನು ಆರಿಸುತ್ತೇನೆ. ಮರಳಿನ ತಟ್ಟೆಯಾದರೆ ಬೆಕ್ಕಿನ ಮೂತ್ರ ಎಷ್ಟಾಗಿದೆ, ಮಲ ಹೇಗಿದೆ ಎಂದು ದಿನವೂ ಕಣ್ಣಿಗೆ ಬೀಳುತ್ತದೆ. ಯಂತ್ರ ಅದನ್ನೆಲ್ಲ ನಮಗಿಂತ ಮೊದಲೇ ತೊಳೆದುಬಿಡುತ್ತದೆ. ಹೋದ ವರ್ಷ ಅಂಥ ಒಂದು ಭಾನುವಾರ ಕೆಂಚ ಬೆಳಿಗ್ಗೆಯಿಂದ ನಾಲ್ಕು ಸಲ ಬೋಗುಣಿಗೆ ಹತ್ತಿ, ಬೆನ್ನು ಬಾಗಿಸಿ ಕೂತು, ಸಣ್ಣಗೆ ಕೂಗಿ ಇಳಿದ. ಹರಳನ್ನು ಬೆರಳಿನಿಂದ ಸರಿಸಿ ನೋಡಿದೆ, ಒಂದು ಹನಿ ತೇವವಿರಲಿಲ್ಲ. ಮೂತ್ರನಾಳ ಕಟ್ಟಿಕೊಂಡಿತ್ತು. ಗಂಡು ಬೆಕ್ಕಿನ ನಾಳ ತೀರ ಸಪೂರ. ಪೂರ್ತಿ ಕಟ್ಟಿಕೊಂಡರೆ ಒಂದೆರಡು ದಿನದಲ್ಲೇ ಪ್ರಾಣಕ್ಕೆ ಸಂಚಕಾರ. ವೈದ್ಯರು ಸಣ್ಣ ನಳಿಕೆ ಹಾಕಿ ಬಿಡಿಸಿದರು. ಹತ್ತಿ ಇಳಿದು ಹತ್ತಿ ಇಳಿದು ಏನೂ ಆಗದಿರುವುದನ್ನು ಕಂಡರೆ ಮಲಬದ್ಧತೆ ಇರಬೇಕೆಂದು ಕಾಯಬೇಡಿ. ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ ಎಂಬುದು ವೈದ್ಯರು ಕೇಳುವ ಮೊದಲ ಪ್ರಶ್ನೆ. ಅದನ್ನು ಗಂಟೆ ಸಮೇತ ಬರೆದುಕೊಂಡು ಅದೇ ದಿನ ಹೊರಡಿ.