ಎಬಿ ಮೊದಲು, ಪಿ1 ಆಮೇಲೆ: ದುಂಡುಹುಳದ ಭ್ರೂಣದಲ್ಲಿ ಕೋಶವಿಭಜನೆ ನೋಡುವ ಬಗೆ

ಭ್ರೂಣದ ಕೋಶಗಳೆಲ್ಲ ಏಕಕಾಲಕ್ಕೆ ಒಡೆಯುತ್ತವೆ ಎಂಬ ಭಾವನೆ ಇದ್ದರೆ ಸಿ. ಎಲಿಗನ್ಸ್ ಎಂಬ ಪುಟ್ಟ ದುಂಡುಹುಳದ ಮೊಟ್ಟೆಯನ್ನು ಒಮ್ಮೆ ನೋಡಿ. ಉದ್ದ ಸುಮಾರು 50 ಮೈಕ್ರೋಮೀಟರ್, ಚಿಪ್ಪು ಪಾರದರ್ಶಕ. ಮೊದಲ ವಿಭಜನೆಯೇ ಅಸಮ: ಮುಂದೆ ಎಬಿ ಎಂಬ ದೊಡ್ಡ ಕೋಶ, ಹಿಂದೆ ಪಿ1 ಎಂಬ ಚಿಕ್ಕ ಕೋಶ. ಮುಂದಿನ ಸರದಿಯಲ್ಲಿ ಎಬಿ ಸುಮಾರು 2 ನಿಮಿಷ ಮೊದಲು ಒಡೆಯುತ್ತದೆ. ನೀವು ಹಿಡಿಯಬೇಕಾದ್ದು ಆ 2 ನಿಮಿಷವನ್ನು.

20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆದ, ಆಗಷ್ಟೇ ಮೊಟ್ಟೆ ತುಂಬಿಕೊಂಡ ಎಳೆಯ ಹುಳಗಳನ್ನೇ ಆರಿಸಿ. ವಯಸ್ಸಾದವುಗಳ ಹೊಟ್ಟೆಯಲ್ಲಿ ಬಲಿತ ಭ್ರೂಣಗಳೇ ಜಾಸ್ತಿ. ಎಂ9 ಬಫರ್ ಎಂಬ ಲವಣ ದ್ರಾವಣದ ಹನಿಯಲ್ಲಿ ನಾಲ್ಕೈದು ಹುಳ ಬಿಟ್ಟು, ಎರಡು ಸಿರಿಂಜ್ ಸೂಜಿಗಳನ್ನು ಕತ್ತರಿಯಂತೆ ಆಡಿಸಿ ನಡುಮೈಯಲ್ಲಿ ಕೊಯ್ಯಿರಿ. ಬರಿ ನೀರು ಬಳಸಬೇಡಿ. ತೀರಾ ಎಳೆಯ ಭ್ರೂಣಕ್ಕೆ ನೀರು ತಡೆಯುವ ಪದರ ಇನ್ನೂ ಪೂರ್ತಿ ಆಗಿರುವುದಿಲ್ಲ, ಉಬ್ಬಿ ಕೆಡುತ್ತದೆ.

ಸ್ಲೈಡಿನ ಮೇಲೆ 2% ಅಗರೋಸ್ ಜೆಲ್ಲಿಯ ತೆಳು ಹಾಸು ಮಾಡಿ, ಸಣ್ಣ ಗಾಜಿನ ನಳಿಗೆಯಿಂದ ಭ್ರೂಣಗಳನ್ನು ಅದರ ಮೇಲಿಡಿ. ಕವರ್‌ಸ್ಲಿಪ್ಪನ್ನು ಒಂದು ಅಂಚಿನಿಂದ ಮೆಲ್ಲಗೆ ಇಳಿಸಿ, ಸುತ್ತ ವ್ಯಾಸಲಿನ್ ಹಚ್ಚಿ. ಒತ್ತಿದರೆ ಭ್ರೂಣ ಚಪ್ಪಟೆಯಾಗಿ ಕೋಶಗಳ ಜೋಡಣೆಯೇ ಬದಲಾಗುತ್ತದೆ. ಸುತ್ತ ಮುಚ್ಚದಿದ್ದರೆ ಹಾಸು ಒಣಗಿ ಭ್ರೂಣ ಕುಗ್ಗುತ್ತದೆ.

ಡಿಐಸಿ ಮೈಕ್ರೋಸ್ಕೋಪಿನಲ್ಲಿ (ಬಣ್ಣ ಹಚ್ಚದೆಯೇ ಪಾರದರ್ಶಕ ಕೋಶದ ಒಳಗನ್ನು ಎದ್ದು ಕಾಣಿಸುವಂಥದ್ದು) ಪ್ರತಿ 10 ಸೆಕೆಂಡಿಗೆ ಒಂದು ಚಿತ್ರ ತೆಗೆಯಿರಿ. ಕಣಕಣವಾದ ಕೋಶದ್ರವದ ನಡುವೆ ನುಣುಪು ಬಿಲ್ಲೆಯಂತೆ ಕಾಣುವುದೇ ಕೋಶಕೇಂದ್ರ. ಅದರ ಅಂಚು ಮಸುಕಾಗಿ ಮಾಯವಾದ ಕ್ಷಣವನ್ನು ಎರಡೂ ಕೋಶಗಳಲ್ಲಿ ಬರೆದುಕೊಳ್ಳಿ, ಅವುಗಳ ಅಂತರವೇ ನಿಮ್ಮ ಅಳತೆ. ಸೀಳು ಕಾಣಿಸುವವರೆಗೆ ಕಾದು ಲೆಕ್ಕ ಹಾಕುವವರು ಬಹಳ, ಆದರೆ ಸೀಳಿನ ಶುರು ಯಾವುದೆಂದು ಹೇಳುವುದು ಕಷ್ಟ. ಎಬಿಯ ಕದಿರು (ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವ ಎಳೆಗಳ ರಚನೆ) ಅಡ್ಡಕ್ಕೆ ನಿಲ್ಲುತ್ತದೆ. ಪಿ1ರದು ತಿರುಗಿ ಭ್ರೂಣದ ಉದ್ದಕ್ಕೆ ಮಲಗುತ್ತದೆ. ಈ ತಿರುಗುವಿಕೆ ನೋಡಲು ಬಲು ಸೊಗಸು, ತಪ್ಪಿಸಿಕೊಳ್ಳಬೇಡಿ.

ಎಬಿ ಮೊದಲು ಒಡೆಯುವುದಕ್ಕೆ ಗಾತ್ರವೊಂದೇ ಕಾರಣವಲ್ಲ. ವಿಭಜನೆಗೆ ದೂಡುವ ಪಿಎಲ್‌ಕೆ-1 ಪ್ರೋಟೀನು ಎಬಿಯಲ್ಲಿ ಹೆಚ್ಚು ಸೇರುತ್ತದೆ. ಡಿಎನ್‌ಎ ನಕಲು ಮುಗಿಯಿತೇ ಎಂದು ನೋಡುವ ತಪಾಸಣೆ ಪಿ1ರಲ್ಲಿ ಬಿಗಿ. ಹಾಗಾಗಿ ಪಿ1 ಮಾತ್ರ ವಿಪರೀತ ತಡವಾದರೆ, ಬೆಳಕಿಗೆ ಡಿಎನ್‌ಎ ಕೆಟ್ಟಿತೇ ಎಂದು ಮೊದಲು ದೀಪವನ್ನೇ ಅನುಮಾನಿಸಿ: ಹಸಿರು ಫಿಲ್ಟರ್ ಹಾಕಿ, ಚಿತ್ರ ತೆಗೆಯುವಾಗ ಮಾತ್ರ ಬೆಳಕು ಬಿಡಿ. ಎರಡೂ ಕೋಶ ಸಮಗಾತ್ರವಾಗಿ ಒಟ್ಟಿಗೇ ಒಡೆದರೆ ನಿಮ್ಮ ತಳಿಯಲ್ಲಿ ಪಾರ್ ಜೀನುಗಳ (ಮೊದಲ ವಿಭಜನೆಯನ್ನು ಅಸಮಗೊಳಿಸುವ ಜೀನುಗಳು) ದೋಷವಿರಬಹುದು. ಕೋಣೆಯ ಉಷ್ಣತೆ ಬರೆದಿಡದ ಅಳತೆಗಳನ್ನು ಹೋಲಿಸಲೇಬೇಡಿ, ಬಿಸಿ ಏರಿದಂತೆ ಎಲ್ಲವೂ ಬೇಗ ನಡೆಯುತ್ತದೆ.

ನಾಲ್ಕು ಕೋಶಗಳಾದ ಮೇಲೆ ಎಬಿಯ ಮಕ್ಕಳಿಬ್ಬರೂ ಜೊತೆಜೊತೆಗೆ ಒಡೆಯುತ್ತಾರೆ, ಬಳಿಕ ಪಿ1ರ ಮಕ್ಕಳಲ್ಲಿ ಇಎಮ್‌ಎಸ್, ಕೊನೆಗೆ ಪಿ2. ಪಿ ವಂಶದ ಈ ನಿಧಾನ ಮುಂದೂ ಹೋಗುವುದಿಲ್ಲ: ಪಿ2ರ ಮೊಮ್ಮಗಳಾದ ಪಿ4 ಒಡೆದು ಹುಟ್ಟುವ ಜನನಕೋಶಗಳೆರಡೂ (ಮುಂದೆ ಮೊಟ್ಟೆ, ವೀರ್ಯಾಣುಗಳಾಗುವ ವಂಶ), ಹುಳ 558 ಕೋಶಗಳೊಂದಿಗೆ ಹೊರಬರುವವರೆಗೆ, ಇನ್ನೊಮ್ಮೆ ಒಡೆಯುವುದೇ ಇಲ್ಲ.